ಹೆಸರಿಡುವ ಮೊದಲೇ ಕೆಲಸ

ಕಂಪ್ಯೂಟರಿನ ಜಾವಾ ಭಾಷೆಯಲ್ಲಿ ಒಂದು ಬಗೆಯ ಸಾಲಿದೆ. ಅದನ್ನು ಕರಿಹಲಗೆಯ ಮೇಲೆ ಬರೆಯುವಾಗಲೆಲ್ಲ ನನಗೆ ನನ್ನದೇ ಜಾತಕ ಬರೆದಂತಾಗುತ್ತಿತ್ತು. 'ನ್ಯೂ' ಎಂದು ಒಂದು ವಸ್ತುವನ್ನು ಹುಟ್ಟಿಸಬೇಕು. ಹೆಸರಿಡುವ ಗೋಜಿಗೆ ಹೋಗದೆ, ಅಲ್ಲೇ ಒಂದು ಚುಕ್ಕಿ ಇಟ್ಟು ಕೆಲಸಕ್ಕೆ ಹಚ್ಚಬೇಕು. ಸಾಲು ಮುಗಿದ ಮೇಲೆ ಅದನ್ನು ಮತ್ತೆ ಕರೆಯಲು ಯಾರಿಗೂ ಸಾಧ್ಯವಿಲ್ಲ, ಹೆಸರೇ ಇಲ್ಲವಲ್ಲ. ಯಾರೂ ಕರೆಯಲಾಗದ್ದನ್ನೆಲ್ಲ ಗುಡಿಸುವ ಆ ಭಾಷೆಯ ಕಸದವನು ಮುಂದೆ ಎಂದೋ ಬಂದು ಎತ್ತಿಕೊಂಡು ಹೋಗುತ್ತಾನೆ. ಬಹಳ ಅಚ್ಚುಕಟ್ಟಾದ ವ್ಯವಸ್ಥೆ. ವಸ್ತುವಿನ ಅಭಿಪ್ರಾಯವನ್ನು ಮಾತ್ರ ಯಾರೂ ಕೇಳಿದಂತಿಲ್ಲ.

ಕುಲಗೋಡದ ನನ್ನ ಮಾವನವರು ಹೊಸ ಎಮ್ಮೆ ತಂದರೆ ಹಣೆಗೆ ಕುಂಕುಮ ಹಚ್ಚಿ, ಗಂಗವ್ವನೋ ಗೌರವ್ವನೋ ಎಂದು ಹೆಸರಿಟ್ಟು, ಆಮೇಲೆ ಹಿಂಡುತ್ತಿದ್ದರು. ಕಾಲೇಜುಗಳಲ್ಲಿ ಈ ಪದ್ಧತಿ ಇಲ್ಲ.

ಆಗ ನಾನು ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ಕಡೆ ತಾಸಿನ ಲೆಕ್ಕದಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದ ಮೇಷ್ಟ್ರು. ಪ್ರತಿ ವರ್ಷ ಜೂನ್‌ನಲ್ಲಿ ನೇಮಕವಾಗಿ ಹುಟ್ಟುವುದು, ಮಾರ್ಚ್‌ನಲ್ಲಿ ತೀರಿಕೊಳ್ಳುವುದು. ಗೋಕಾಕದಲ್ಲಿ ನನಗೆ 'ಹುಕ್ಕೇರಿ ಸರ್' ಎನ್ನುತ್ತಿದ್ದರು, ಹುಕ್ಕೇರಿಯಲ್ಲಿ 'ಮೂಡಲಗಿ ಸರ್', ಮೂಡಲಗಿಯಲ್ಲಿ 'ಗೋಕಾಕ ಸರ್'. ಹುಕ್ಕೇರಿ ಕಾಲೇಜಿನ ಸಿಪಾಯಿ ಮಲ್ಲಪ್ಪ ಪ್ರತಿ ಜೂನ್‌ನಲ್ಲೂ ಗೇಟಿನ ಬಳಿ ತಡೆದು, "ಹೊಸ್ದಾಗಿ ಬಂದೀರೇನ್ರಿ?" ಎಂದು ಕೇಳುತ್ತಿದ್ದ. "ಹೌದಪಾ" ಎನ್ನುತ್ತಿದ್ದೆ. ಜಾವಾ ಪ್ರಕಾರ ಅದು ಖರೆ.

ಒಂದು ವರ್ಷ ಅಲ್ಲಿ ಕಾಯಂ ಹುದ್ದೆ ಮಂಜೂರಾಯಿತು. "ಈ ಸಲ ನಿಮ್ಮನ್ನ ಬಿಡೂದಿಲ್ರಿ ಸರ್," ಎಂದು ಪ್ರಾಚಾರ್ಯರು ಬೆನ್ನು ತಟ್ಟಿದರು. ನಾನು ಮನೆಯಲ್ಲಿ ಹೇಳಿಬಿಟ್ಟೆ. "ಇನ್ನರ ಒಂದ ಊರಾಗ ಇರೂನ್ರಿ," ಎಂದ ಹೆಂಡತಿ ಹುಕ್ಕೇರಿಯಲ್ಲಿ ಬಾಡಿಗೆ ಮನೆಯನ್ನೂ ನೋಡಿ ಬಂದಳು.

ಜೂನ್ ಬಂತು. ಪ್ರಾಚಾರ್ಯರ ಕೋಣೆಯಲ್ಲಿ ಇಸ್ತ್ರಿ ಮುರಿಯದ ಅಂಗಿಯ ಒಬ್ಬರು ಕೂತಿದ್ದರು. "ಇವ್ರು ಕಾಯಂ ಆಗಿ ಬಂದಾರ್ರಿ. ಸ್ವಲ್ಪ ಕ್ಲಾಸ್ ತೋರಿಸಿ ಬರ್ರಿ, ಮೂಡಲಗಿ ಸರ್."

ತೋರಿಸಲು ಹೊರಟೆ. ದಾರಿಯಲ್ಲಿ ಅವರ ಹೆಸರು ಕೇಳಿದೆ, ಹೇಳಿದರು. ಅವರು ನನ್ನದನ್ನು ಕೇಳುವಷ್ಟರಲ್ಲಿ ಕ್ಲಾಸು ಬಂದುಬಿಟ್ಟಿತು.

ಸಂಜೆ ಗೋಕಾಕದ ಮನೆಗೆ ಮರಳಿದಾಗ ಹೆಂಡತಿ ಮುಖ ನೋಡಿದಳು. ಚಾಕ್ಕೆ ಇಡಲು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಅಡುಗೆಮನೆಯಿಂದ ಕರೆದಳು: "ಏನ್ರಿ, ಚಾ ಆರಾಕತ್ತೈತಿ, ಬರ್ರಿ."

ನಮ್ಮ ಕಡೆ ಹೆಂಡಂದಿರು ಗಂಡನ ಹೆಸರು ಹಿಡಿದು ಕರೆಯುವುದಿಲ್ಲ. ಮದುವೆಯಾದಂದಿನಿಂದ ನಾನು ಆಕೆಗೆ 'ಏನ್ರಿ'. ಶಾಸ್ತ್ರ ನೋಡಿದರೆ ಇದು ಹೆಸರೇ ಅಲ್ಲ. ಆದರೂ ಕಸದವನು ನನ್ನನ್ನು ಇನ್ನೂ ಎತ್ತಿಕೊಂಡು ಹೋಗದಿರುವುದಕ್ಕೆ ನನಗೆ ಬೇರೆ ಕಾರಣ ಹೊಳೆಯುವುದಿಲ್ಲ.