ಸಿಗದ ರಬ್ಬರ್ ಚೂರು

ಮಟ್ಟಾಂಚೇರಿಯಲ್ಲಿ ಅಣ್ಣನ ದೋಣಿಯ ಎಂಜಿನ್ ರಿಪೇರಿಗೆ ಬರುತ್ತಿದ್ದ ಮೆಕ್ಯಾನಿಕ್ ನಮ್ಮ ಕಾಸರಗೋಡಿನ ಕಡೆಯವರು. ಅವರ ನಿಧಾನ ನೋಡಿದರೆ ನನಗೆ ಮೈ ಉರಿಯುತ್ತಿತ್ತು. ಎಂಜಿನ್ ತಂಪಾಗಲು ನೀರೆಳೆಯುವ ಪಂಪಿನ ರಬ್ಬರ್ ಚಕ್ರ ಹರಿದರೆ ಹೊಸದು ಹಾಕಿ ಮುಗಿಸಬೇಕಲ್ಲ? ಅವರು ಹಳೆಯ ಚಕ್ರವನ್ನು ಅಂಗೈಯಲ್ಲಿಟ್ಟು, ಮುರಿದ ರೆಕ್ಕೆಗಳ ಚೂರುಗಳನ್ನು ಒಂದೊಂದಾಗಿ ಜೋಡಿಸಿ ನೋಡುತ್ತಿದ್ದರು. ಒಂದು ಕಡಿಮೆಯಾದರೂ ಕೊಳವೆಗಳನ್ನೆಲ್ಲ ಬಿಚ್ಚಿ ಊದುತ್ತಿದ್ದರು.

"ಚೂರು ಒಳಗೆ ಉಳಿದರೆ ನೀರಿನ ದಾರಿ ಕಟ್ಟುತ್ತದೆ. ಎಂತ ಅವಸರ ಮಾರಾಯ ನಿನಗೆ?"

ಒಂದು ದಿನ ಹೀಗೆಯೇ ಒಂದು ಚೂರು ಸಿಗಲೇ ಇಲ್ಲ. ಊಟದ ಹೊತ್ತು ಮೀರಿದರೂ ಹುಡುಕುತ್ತಲೇ ಇದ್ದರು. ನಾನು ತಾಳ್ಮೆಗೆಟ್ಟು, "ಅದು ಆಗಲೇ ಸಿಕ್ಕಿತ್ತು, ನೀರಿಗೆ ಎಸೆದೆ" ಎಂದು ಸುಳ್ಳು ಹೇಳಿದೆ.

"ಮೊದಲೇ ಹೇಳಬಾರದಾ ಪುಣ್ಯಾತ್ಮ" ಎಂದು ನಕ್ಕು ಪಂಪು ಮುಚ್ಚಿದರು.

ಮರುದಿನ ಹಡಗುಗಳು ಓಡಾಡುವ ದಾರಿಯ ನಡುವೆಯೇ ಎಂಜಿನ್ ವಿಪರೀತ ಬಿಸಿಯಾಗಿ ನಿಂತುಹೋಯಿತು. ಬೇರೆ ದೋಣಿಯವರು ಅಣ್ಣನ ದೋಣಿಯನ್ನು ಎಳೆದು ತಂದರು. ಅಣ್ಣ ಜೆಟ್ಟಿಯಲ್ಲಿ ಎಲ್ಲರೆದುರು ಮೆಕ್ಯಾನಿಕ್ಕರನ್ನು ಬೈದ. ಅವರು ಕೊಳವೆಯಿಂದ ಆ ಚೂರನ್ನು ಹೊರತೆಗೆದು, ನನ್ನ ಕಡೆ ಒಮ್ಮೆ ನೋಡಿದರು.

"ನನಗೀಗ ಕಣ್ಣು ಸರಿ ಕಾಣುವುದಿಲ್ಲ. ಬೇರೆ ಯಾರನ್ನಾದರೂ ಕರಿ" ಎಂದು ಅಣ್ಣನಿಗೆ ಹೇಳಿ ಹೋದರು.

ಅಣ್ಣ ಈಗಲೂ ಅವರನ್ನು ಬೈಯುತ್ತಾನೆ. ನಾನು ಪಕ್ಕದಲ್ಲಿ ಕೂತು ಹೂಂಗುಟ್ಟುತ್ತೇನೆ.