ಗಂಡನ ಪಾಲಿನ ಹೊಗೆ

ಬೀದಿದೀಪ ಇನ್ನೂ ಆರಿಲ್ಲ. ಮೆಟ್ಟಿಲ ಕೆಳಗಿನ ಪುಟ್ಟ ಅಂಗಡಿಯ ಕದ ಅರ್ಧ ತೆರೆದಿದೆ. ಒಳಗೆ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡ ಹೆಂಗಸೊಬ್ಬರು ಯಾರೋ ಹೊಗೆಸೊಪ್ಪು ಸೇದುತ್ತಿದ್ದ ಹಳೆಯ ಪೈಪಿನ ಬಟ್ಟಲಿನೊಳಗೆ ಸಣ್ಣ ಚಾಕು ಆಡಿಸುತ್ತಿದ್ದಾರೆ. ವರ್ಷಗಳಿಂದ ಕಟ್ಟಿದ ಕರಿ ಪದರ ಉದುರಿ ದಿನಪತ್ರಿಕೆಯ ಮೇಲೆ ಬೀಳುತ್ತದೆ. ಪೂರ್ತಿ ಕೆರೆಯುವ ಹಾಗಿಲ್ಲ, ನಾಣ್ಯದ ದಪ್ಪದಷ್ಟಾದರೂ ಉಳಿಸಬೇಕು, ಇಲ್ಲದಿದ್ದರೆ ಮರವೇ ಸುಡುತ್ತದೆ. ಆಮೇಲೆ ಸ್ಪಿರಿಟ್‌ನಲ್ಲಿ ಅದ್ದಿದ ಬತ್ತಿ ಕೊಳವೆಯೊಳಗೆ ಹೋಗಿ ಬಂದು, ಹೋಗಿ ಬಂದು, ಕೊನೆಗೊಮ್ಮೆ ಬೆಳ್ಳಗೆ ಹೊರಬರುತ್ತದೆ.

ಈಕೆಯನ್ನು ಬೀದಿಯವರು ಪೈಪಮ್ಮ ಎನ್ನುತ್ತಾರೆ. ಗಿರಾಕಿಗಳು ಮಾತ್ರ ಏನೂ ಅನ್ನುವುದಿಲ್ಲ, ಏಕೆಂದರೆ ಅವರ ಕಣ್ಣಿಗೆ ಈಕೆ ಬೀಳುವುದೇ ಇಲ್ಲ. ಅವರೆಲ್ಲ ಮಾತಾಡುವುದು ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತ ಯಜಮಾನರ, ಅಂದರೆ ಈಕೆಯ ಗಂಡನ ಜೊತೆ. ಯಜಮಾನರ ಕುತ್ತಿಗೆಗೆ ಬಿಳಿ ಬಟ್ಟೆ, ಮುಖದಲ್ಲಿ ಗಾಂಭೀರ್ಯ. ಏನು ಕೇಳಿದರೂ ತಲೆಯಾಡಿಸಿ ಒಂದು ಭರಣಿಯತ್ತ ಬೆರಳು ತೋರಿಸುತ್ತಾರೆ. ಗಿರಾಕಿ ಧನ್ಯನಾಗಿ ಹೋಗುತ್ತಾನೆ. ಆ ಭರಣಿಯ ಹೊಗೆಸೊಪ್ಪನ್ನು ಹದವಾಗಿ ಬೆರೆಸಿದವರೂ, ಪೈಪಿನ ಮುರಿದ ಬಾಯಿತುದಿಯನ್ನು ಅರ ಹಾಕಿ ಕೂರಿಸಿದವರೂ ಪರದೆಯ ಹಿಂದಿದ್ದಾರೆ ಎಂದು ಯಾರೂ ಹೇಳಿಲ್ಲ, ಯಾರೂ ಕೇಳಿಲ್ಲ.

ದಿನಕ್ಕೆ ನಾಲ್ಕೈದು ಪೈಪು ರಿಪೇರಿಗೆ ಬಂದರೆ ಹೆಚ್ಚು. ತರುವವರು ಬಹುಪಾಲು ಬಿಟ್ಟು ಮತ್ತೆ ಹಿಡಿದವರು. ಹೆಂಡತಿಯ ಮಾತಿಗೋ ಡಾಕ್ಟರ ಮಾತಿಗೋ ಹೆದರಿ ಪೈಪನ್ನು ಅಟ್ಟಕ್ಕೆಸೆದವರು, ನಿವೃತ್ತಿಯಾಗಿ ಹೊತ್ತು ಹೋಗದೆ ಅಟ್ಟ ಹತ್ತುತ್ತಾರೆ. ಈ ಸಲ ಬರೀ ಹವ್ಯಾಸ, ದಿನಕ್ಕೊಂದೇ ಎಂದು ಆಣೆ ಮಾಡುತ್ತಾರೆ. ಬಿಸಿಲಲ್ಲಿ ಒಣಗಿಸಿದ್ದು, ಹೊಗೆ ಹಾಕಿ ಒಣಗಿಸಿದ್ದು, ಒತ್ತಿ ಬಿಲ್ಲೆ ಮಾಡಿದ್ದು ಎಂದು ವಾರಕ್ಕೊಂದು ಬಗೆಯ ಹೊಗೆಸೊಪ್ಪು ಒಯ್ಯುತ್ತಾರೆ. "ಬಿಟ್ಟೆ ಬಿಟ್ಟೆ ಅಂತ ಹೇಳೋರೇ ನಮಗೆ ಖಾಯಂ ಗಿರಾಕಿಗಳು," ಎಂದು ಪೈಪಮ್ಮ ನಗುತ್ತಾರೆ. ನಗು ಕೆಮ್ಮಾಗುತ್ತದೆ. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕಿಟಕಿಯ ಕಡೆ ಕಳ್ಳನೋಟ ಬೀರುತ್ತಾರೆ.

ಯಜಮಾನರು ಒಂದು ಕಾಲಕ್ಕೆ ಊರಿಗೇ ಹೆಸರಾದ ಮಾತುಗಾರರು. ಒಂದು ದಮ್ಮು ಎಳೆದು, ಕಣ್ಣು ಮುಚ್ಚಿ, ಅರ್ಧ ಗಂಟೆ ಅದರ ರುಚಿ ಬಣ್ಣಿಸುತ್ತಿದ್ದರು. ಗಿರಾಕಿಗಳು ಬಾಯಿಬಿಟ್ಟು ಕೇಳುತ್ತಿದ್ದರೆ ಪರದೆಯ ಹಿಂದೆ ಪೈಪಮ್ಮ ಕೊಳವೆ ಉಜ್ಜುತ್ತಿದ್ದರು. "ನಿಂಗೆ ಇದೆಲ್ಲ ಎಲ್ಲಿ ತಲೆಗೆ ಹೋಗತ್ತೆ ಬಿಡು, ಕಿವಿಗೇ ಹಾಕ್ಕೊಳ್ಳಲ್ಲ ನೀನು," ಎಂದು ಗಂಡ ರೇಗುತ್ತಿದ್ದರಂತೆ. ಆ ಗಂಟಲಿಗೆ ಕ್ಯಾನ್ಸರ್ ಹುಣ್ಣು ಬಂತು. ಡಾಕ್ಟರು ಧ್ವನಿಪೆಟ್ಟಿಗೆಯನ್ನೇ ತೆಗೆದರು. ಈಗ ಉಸಿರಾಟ ಕುತ್ತಿಗೆಯ ತೂತಿನಲ್ಲಿ. ಮಾತು ಹೋಯಿತು ಎಂಬುದು ಎಲ್ಲರಿಗೂ ಗೊತ್ತು. ಮೂಗಿನಲ್ಲಿ ಗಾಳಿಯೇ ಆಡದ್ದರಿಂದ ವಾಸನೆಯೂ ಹೋಯಿತು ಎಂಬುದು ಹೆಂಡತಿಗೆ ಮಾತ್ರ ಗೊತ್ತು.

"ಆಸ್ಪತ್ರೆಯಿಂದ ಬಂದೋರು ಒಂದೊಂದೇ ಭರಣಿ ತೆಗೆದು ಮೂಗಿಗೆ ಹಿಡಿಯೋರು, ಮುಚ್ಚಿ ಇಡೋರು. ಒಂದಿನ ಕೊನೇ ಭರಣಿ ಮುಚ್ಚಿ ಗೋಡೆ ಕಡೆ ತಿರುಗಿ ಕೂತ್ಬಿಟ್ರು. ಅವರ ಪೈಪನ್ನೇ ತುಂಬಿ ಹಚ್ಚಿದೆ. ಜನ್ಮದಲ್ಲಿ ಸೇದಿದೋಳಲ್ಲ ನಾನು. ಕಣ್ಣು ಮೂಗೆಲ್ಲ ನೀರು. ಒದ್ದೆ ಕಂಬಳಿ ಸುಟ್ಟ ಹಾಗಿದೆ ರೀ ಅಂದೆ. ಅವರ ಭುಜ ಕುಣೀತು. ಸದ್ದಿಲ್ಲದ ನಗು. ಎಷ್ಟೋ ತಿಂಗಳ ಮೇಲೆ ನಕ್ಕಿದ್ರು."

ಅಂದಿನಿಂದ ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆ ಒಂದು ಪೈಪು. ದಿನಕ್ಕೊಂದು ಬಗೆ. ಆಕೆ ಸೇದುವುದು, ಆತ ಕಣ್ಣು ಮುಚ್ಚಿ ಕೇಳುವುದು. ಒಣಹುಲ್ಲು, ಸೀದ ಹಾಲು, ಹೊಸ ಚಪ್ಪಲಿ, ಮಳೆಗೆ ನೆನೆದ ಮರದ ಪೆಟ್ಟಿಗೆ, ಹೀಗೆ ಆಕೆಗೆ ಗೊತ್ತಿದ್ದ ವಾಸನೆಗಳೆಲ್ಲ ಮಾತಾದವು. ಇನ್ನೊಂದು ದಮ್ಮು ಬೇಕೆನಿಸಿದರೆ ಆತ ಒಂದು ಬೆರಳು ಎತ್ತುತ್ತಾರೆ. ಒಮ್ಮೆ ಪೈಪಮ್ಮ ಅರೆಗತ್ತಲಲ್ಲಿ ಯಾವುದೋ ಭರಣಿಗೆ ಕೈ ಹಾಕಿ, ಇದು ಬಿಸಿಲಲ್ಲಿ ಒಣಗಿಸಿದ್ದು ಎಂದು ಶುರು ಮಾಡಿದರು. ನಾಲ್ಕು ಮಾತು ಕೇಳಿದ್ದೇ ಯಜಮಾನರು ತಲೆ ಅಡ್ಡಡ್ಡ ಆಡಿಸಿ, ಎದ್ದುಹೋಗಿ ಬೇರೆ ಭರಣಿಯನ್ನು ತಟ್ಟಿದರು. ನೋಡಿದರೆ ಆಕೆ ಕತ್ತಲಲ್ಲಿ ತೆಗೆದದ್ದು ಅದರಿಂದಲೇ. "ನನ್ನ ಮಾತಲ್ಲಿ ಅವರಿಗೆ ವಾಸನೆ ಸಿಕ್ತು ನೋಡಿ," ಎನ್ನುವಾಗ ಪೈಪಮ್ಮನ ಮುಖ ಅರಳುತ್ತದೆ.

ಆ ಸಂತೋಷ ಬಹಳ ದಿನ ಬಾಳಲಿಲ್ಲ. ಗಂಡನ ತಪಾಸಣೆಗೆ ಹೋದಾಗ, ಆತನನ್ನು ಪಕ್ಕದ ಕೋಣೆಗೆ ಕರೆದೊಯ್ದಿದ್ದರು. ಈಕೆ ಹೊರಗೆ ಕೂತು ಕೆಮ್ಮಿದ್ದು ಡಾಕ್ಟರ ಕಿವಿಗೆ ಬಿತ್ತು. ಬಾಯಿ ತೆಗೆಸಿ ದೀಪ ಬಿಟ್ಟು ನೋಡಿದರು. ನಾಲಿಗೆಯ ಅಂಚಿನಲ್ಲಿ ಬಿಳಿ ಕಲೆ. "ಇವತ್ತೇ ನಿಲ್ಲಿಸಿದ್ರೆ ಬಚಾವಾಗಬಹುದು. ಇಲ್ದಿದ್ರೆ ನಿಮ್ಮನ್ನ ನೋಡ್ಕೊಳ್ಳೋಕೆ ಯಾರಿದಾರಮ್ಮ?" ಎಂದರು ಡಾಕ್ಟರು. ಪೈಪಮ್ಮ ಪಕ್ಕದ ಕೋಣೆಯ ಬಾಗಿಲ ಕಡೆ ನೋಡಿದರು. ಬೆಳಗಿನ ಆ ಒಂದು ಪೈಪಿಗಾಗಿ ಎದ್ದು ಕೂರುವ ಮನುಷ್ಯನಿಗೆ ಹೇಳುವುದಾದರೂ ಏನು? ಹೇಳಿದರೆ ತನ್ನಿಂದಲೇ ಆಯಿತೆಂದು ಆತ ಮತ್ತೆ ಗೋಡೆಗೆ ತಿರುಗುತ್ತಾರೆ.

ಹೇಳಲಿಲ್ಲ. ಮರುದಿನ ಬೆಂಕಿಕಡ್ಡಿ ಗೀರಿದರು, ಆರಿಸಿದರು. ಖಾಲಿ ಪೈಪನ್ನು ತುಟಿಗಿಟ್ಟು ಉಸಿರೆಳೆದರು. ನೆನಪಿನಿಂದ ಬಾಯಿಗೆ ಬಂದದ್ದೆಲ್ಲ ಹೇಳಿದರು. ಆತ ಕಣ್ಣು ಮುಚ್ಚಿಯೇ ಇದ್ದರು. ಹೊಗೆ ಇದೆಯೋ ಇಲ್ಲವೋ ಮೂಗಿಗೆ ತಿಳಿಯುವಂತಿಲ್ಲವಲ್ಲ. ಹೀಗೇ ಒಂದು ವಾರ ನಡೆಯಿತು. ಎಂಟನೆಯ ಬೆಳಿಗ್ಗೆ ಯಜಮಾನರು ಕಣ್ಣು ಬಿಡದೆಯೇ ಕೈ ಚಾಚಿ ಪೈಪು ತೆಗೆದುಕೊಂಡರು. ಪೈಪು ಸೇದುವವನ ಅಂಗೈಗೆ ಬಟ್ಟಲಿನ ಬಿಸಿ ಗೊತ್ತಿಲ್ಲದೆ ಇರುತ್ತದೆಯೇ? ಬಟ್ಟಲು ತಣ್ಣಗಿತ್ತು.

"ಸುಳ್ಳು ಸಿಕ್ಕಿಬಿತ್ತು ಅಂದ್ಕೊಂಡೆ. ಅವರು ನನ್ನ ಮುಖ ನೋಡಿದ್ರು. ಗಂಟಲ ಹತ್ರ ಕೈ ಇಟ್ರು, ಅವರ ಗಂಟಲಲ್ಲ, ನಂದು. ಹಾಗೇ ಸುಮಾರು ಹೊತ್ತು ಇಟ್ಕೊಂಡಿದ್ರು. ಕೆಮ್ಮು ಕೇಳಿಸ್ತಿತ್ತೇನೋ ಮೊದಲಿಂದ. ಆಮೇಲೆ ಪೈಪು ನನ್ನ ಕೈಗೇ ವಾಪಸ್ ಕೊಟ್ಟು, ಕಣ್ಣು ಮುಚ್ಚಿ, ಒಂದು ಬೆರಳು ಎತ್ತಿದ್ರು."

ಈಗ ಬೆಳಗಿನ ಪೈಪು ತಣ್ಣಗೇ ಇರುತ್ತದೆ. ಕಲೆ ಕರಗಿದೆಯೋ ಬೆಳೆದಿದೆಯೋ ಮುಂದಿನ ತಪಾಸಣೆಯಲ್ಲಿ ತಿಳಿಯಬೇಕು. ಆಕೆ ಆ ಬಗ್ಗೆ ಮಾತು ಬೆಳೆಸುವುದಿಲ್ಲ. ಹೊರಗೆ ಗಿರಾಕಿಯೊಬ್ಬ ಬಂದು ಯಜಮಾನರಿಗೆ ನಮಸ್ಕಾರ ಹೇಳುತ್ತಾನೆ. ಪೈಪಮ್ಮ ಪರದೆ ಎಳೆದುಕೊಂಡು, ಮೇಲಿನ ಸಾಲಿನ ಭರಣಿಗಳತ್ತ ನೋಡುತ್ತಾರೆ.

"ನಾನು ಸೇದಿದ್ದು ಎಲ್ಲಾ ಹೇಳಿ ಮುಗೀತು. ಮೇಲಿನ ಸಾಲು ನಾನು ಮುಟ್ಟೇ ಇಲ್ಲ. ಆದ್ರೆ ಗಂಟಲಿದ್ದಾಗ ಅವರು ಅದರ ರುಚೀನ ಗಿರಾಕಿಗಳಿಗೆ ಹೇಳ್ತಿದ್ರಲ್ಲ, ನಾಳೆಯಿಂದ ಆ ಮಾತುಗಳನ್ನೇ ಅವರಿಗೆ ವಾಪಸ್ ಹೇಳ್ತೀನಿ," ಎನ್ನುತ್ತಾರೆ. ಚಾಕು ಎತ್ತಿಕೊಂಡು ಮುಂದಿನ ಪೈಪಿನ ಮಸಿ ಕೆರೆಯತೊಡಗುತ್ತಾರೆ. "ಕಿವಿಗೇ ಹಾಕ್ಕೊಳ್ಳಲ್ಲ ಅಂತ ಬೈತಿದ್ರು. ಎಲ್ಲಾ ಹಾಕ್ಕೊಂಡಿದ್ದೆ."