ಹಲ್ಲಿಗೆ ತಿಳಿಯುವ ಹದ

ಗಂಗಾವತಿಯ ಹೊರಗಿನ ಒಂದು ಅಕ್ಕಿ ಗಿರಣಿ. ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕುದಿಸಿದ ಭತ್ತದ ಹಬೆಯ ನಡುವೆ ಹನ್ನೊಂದು ಹೆಂಗಸರು ಸೀರೆ ಎತ್ತಿ ಕಟ್ಟಿ, ಪಾದಗಳಿಂದಲೇ ಸಾಲು ಹೊಡೆಯುತ್ತ ಕಣದ ತುಂಬ ನಡೆಯುತ್ತಿದ್ದಾರೆ. ಅವರ ಮೇಸ್ತ್ರಿ ಹುಲಗೆಮ್ಮ ಮಾತ್ರ ಇವತ್ತು ಭತ್ತದ ಕಡೆ ನೋಡುತ್ತಿಲ್ಲ. ಅವರ ಕಣ್ಣು ಒಮ್ಮೆ ಆಕಾಶದ ಮೇಲೆ, ಒಮ್ಮೆ ಗಾಳೆಮ್ಮನ ಮೇಲೆ.

ಹದ ನೋಡುವ ಕೆಲಸ ಇವತ್ತು ಗಾಳೆಮ್ಮನದು. ಇರಕಲ್ಲಗಡದಿಂದ ಬಂದು ಎರಡು ವರ್ಷವಾಗಿದೆ. ಒಣಗುತ್ತಿರುವ ಭತ್ತವನ್ನು ನಡುವೆ ಒಮ್ಮೆ ರಾಶಿ ಹಾಕಿ ಮುಚ್ಚಿಟ್ಟು, ಸಂಜೆ ಮತ್ತೆ ಹರಡಬೇಕು. ರಾಶಿ ಬೇಗ ಹಾಕಿದರೆ ಮುಗ್ಗಲು ಹಿಡಿಯುತ್ತದೆ, ತಡವಾದರೆ ಅಕ್ಕಿ ಮುರಿದು ನುಚ್ಚಾಗುತ್ತದೆ. ಆ ಗಳಿಗೆ ಯಾವುದೆಂದು ಹೇಳುವ ಯಂತ್ರ ಇಲ್ಲಿಲ್ಲ. ಕಾಳನ್ನು ಹಲ್ಲಿಗಿಟ್ಟು ಕಡಿಯಬೇಕು, ಅಷ್ಟೇ.

ಹದಿನಾರು ವರ್ಷ ಆ ಹಲ್ಲು ಹುಲಗೆಮ್ಮನವರದೇ. ವಿರೂಪಾಪುರಗಡ್ಡೆಯಲ್ಲಿ ನಾಟಿ ಕೂಲಿಗೆ ಹೋಗುತ್ತಿದ್ದವರು ಗಂಡ ತೀರಿಕೊಂಡ ಮೇಲೆ ಈ ಕಣಕ್ಕೆ ಬಂದರು. ದಿನಕ್ಕೆ ನಲವತ್ತು ಚೀಲ ಭತ್ತ, ನೂರರ ಹತ್ತಿರ ಕಾಳು ಕಡಿತ. ಈಗ, 1984ರ ಈ ಬೇಸಿಗೆಯಲ್ಲಿ, ದವಡೆ ಹಲ್ಲು ಸವೆದಿವೆ, ಎರಡು ಬಿದ್ದೂ ಹೋಗಿವೆ. ಹೋದ ತಿಂಗಳು ಹದ ತಪ್ಪಿ, ಒಂದಿಡೀ ದಿನದ ಅಕ್ಕಿಯಲ್ಲಿ ಅರ್ಧ ನುಚ್ಚಾಯಿತು. ಮಾಲೀಕ ಕೊಟ್ರಬಸಪ್ಪ ಬೈಯಲಿಲ್ಲ. "ಇನ್ನೊಮ್ಮೆ ಹಿಂಗಾತಂದ್ರ ಬ್ಯಾರೆ ಊರಿನ ಮಂದಿನ್ನ ಕರಸ್ತೀನಿ ನೋಡು," ಎಂದರಂತೆ.

"ನಂದೊಂದ ಹೊಟ್ಟಿ ಆಗಿದ್ರ ಹೆಂಗರ ನಡೀತಿತ್ರಿ. ಹನ್ನೊಂದು ಮನಿ ಒಲಿ ಅದಾವ ಇದ್ರಾಗ," ಎನ್ನುತ್ತಾರೆ ಹುಲಗೆಮ್ಮ, ಈ ಕಣದ ಬಗ್ಗೆ ಬರೆಯಲು ಬಂದ ನನಗೆ.

ಕೆಲಸ ಕಲಿಸುವುದರಲ್ಲಿ ಅವರದು ಅವರದೇ ರೀತಿ. ಹೊಸಬಳ ಅಂಗೈಗೆ ಮೂರು ಕಾಳು ಹಾಕುತ್ತಾರೆ: ಒಂದು ಹಸಿ, ಒಂದು ಹದವಾದದ್ದು, ಒಂದು ಒಣಗಿ ಕೆಟ್ಟದ್ದು. ಕಣ್ಣು ಮುಚ್ಚಿ ಕಡಿದು, ಯಾವುದು ಯಾವುದೆಂದು ಹೇಳಬೇಕು. ತಪ್ಪಿದರೆ ಎಲ್ಲರೆದುರು ಒಂದು ಮಾತಿಲ್ಲ. ಬೇವಿನ ಗಿಡದ ಕೆಳಗಿನ ಗಡಿಗೆಯ ಹತ್ತಿರ ಕರೆದೊಯ್ದು, ಮೊದಲು ನೀರು ಕೊಟ್ಟು ಆಮೇಲೆ ಹೇಳುತ್ತಾರೆ. "ನಂಗ ಕಲಿಸಿದಾಂವ ಎಲ್ಲಾರ ಮುಂದ ಬೈತಿದ್ದ. ಅಂಜಿಕಿಗೆ ಬಾಯಿ ಒಣಗಿ ಕಾಳು ಹಸೀದೋ ಒಣದೋ ತಿಳೀತಿದ್ದಿಲ್ಲ."

ಆದರೆ ಗಾಳೆಮ್ಮನ ವಿಷಯದಲ್ಲಿ ಈ ಗುರುವೂ ಎಡವಿದ್ದಾರೆ. "ಕಾಳು ಕಡೀತಾಳ್ರಿ, ನನ್ನ ಮಾರಿ ನೋಡ್ತಾಳ. ನಾ ಹುಬ್ಬು ಎತ್ತಿದ್ರ ಸಾಕು, ಹದಾ ಆತು ಅಂತಾಳ. ತಪ್ಪು ನಂದ. ಎರಡು ವರ್ಷ ನನ್ನ ಹುಬ್ಬ ಕಲಿಸೀನಿ." ಅದಕ್ಕೇ ಇವತ್ತು ಬೇವಿನ ಗಿಡಕ್ಕೆ ಮುಖ ಮಾಡಿ, ಕಣಕ್ಕೆ ಬೆನ್ನು ಹಾಕಿ ಕೂತುಬಿಡುತ್ತಾರೆ.

ಹತ್ತು ಗಂಟೆಯ ಹೊತ್ತಿಗೆ ಮೋಡ ಕವಿಯುತ್ತದೆ. ಹೆಂಗಸರ ಕಾಲು ನಿಲ್ಲುತ್ತವೆ. ಹಿರಿಯಳಾದ ಪಕ್ಕೀರವ್ವ ಓಡಿ ಬರುತ್ತಾರೆ: "ಹುಲಗೆಮ್ಮಾ, ರಾಶಿ ಹಾಕೂಣೇನ?"

"ಗಾಳೆಮ್ಮನ್ನ ಕೇಳಬೇ," ಎಂದು ಹುಲಗೆಮ್ಮ ಸೆರಗನ್ನು ಬಾಯಿಗೆ ಒತ್ತಿಕೊಳ್ಳುತ್ತಾರೆ.

ಗಾಳೆಮ್ಮ ಒಂದು ಕಾಳು ಕಡಿದು ಇತ್ತ ನೋಡುತ್ತಾಳೆ. ಕಾಣುವುದು ಬೆನ್ನು ಮಾತ್ರ. ಕಣದ ಆಚೆ ಮೂಲೆಗೆ ಹೋಗಿ ಇನ್ನೆರಡು ಕಡಿಯುತ್ತಾಳೆ. ಕೊನೆಗೆ ಸಣ್ಣ ದನಿಯಲ್ಲಿ, "ಇನ್ನೂ ಎರಡು ಸುತ್ತು ಕಾಲಾಡಸ್ರಿ," ಎನ್ನುತ್ತಾಳೆ.

"ನಾ ಆಗಿದ್ರ ಈಗ ಹಾಕಸ್ತಿದ್ದೆ," ಎಂದು ಹುಲಗೆಮ್ಮ ನನ್ನ ಕಿವಿಯಲ್ಲಿ ಹೇಳುತ್ತಾರೆ. ಆದರೂ ತಿರುಗುವುದಿಲ್ಲ. ಎರಡು ಸುತ್ತು ಮುಗಿದು, ರಾಶಿ ಬಿದ್ದು, ಮೇಲೆ ಗೋಣಿತಟ್ಟು ಹೊದಿಸುವವರೆಗೂ ಅವರು ಹಾಗೇ ಕೂತಿದ್ದಾರೆ. ಮೋಡ ಹನಿಯದೆ ಚದುರುತ್ತದೆ.

ಮರುದಿನ ಬೆಳಿಗ್ಗೆ ಗಿರಣಿಯ ಬಾಗಿಲಲ್ಲಿ ಕೊಟ್ರಬಸಪ್ಪ ಬೊಗಸೆ ಅಕ್ಕಿಯನ್ನು ಬೆಳಕಿಗೆ ಹಿಡಿದು, ಬೆರಳಿಂದ ಕೆದಕಿ ಕೆದಕಿ ನೋಡುತ್ತಾರೆ. "ಛಲೋ ಬಂದೈತಿ," ಎನ್ನುತ್ತಾರೆ ಕೊನೆಗೆ. "ಇವತ್ತಿಂದೂ ಅಕೀನ ನೋಡ್ಲಿ."

ಹುಲಗೆಮ್ಮ ರಾತ್ರಿಯಿಡೀ ಕಣ್ಣು ಮುಚ್ಚಿಲ್ಲವಂತೆ. ನೆಟ್ಟಗೆ ಕಣಕ್ಕೆ ಹೋಗುತ್ತಾರೆ. ಹೊಸ ಭತ್ತ ಹಬೆಯಾಡುತ್ತಿದೆ. ಇನ್ನೇನು ಆಸೆಯಿದೆ ಎಂದು ಕೇಳಿದರೆ ನನ್ನ ತೋಳು ಹಿಡಿದು ನಿಲ್ಲಿಸುತ್ತಾರೆ. ಎದುರಿಗೇ ಗಾಳೆಮ್ಮ, ಬಾಯಲ್ಲಿ ಕಾಳು.

"ಸುಮ್ಕಿರ್ರಿ. ನಿನ್ನೆ ಬೆನ್ನು ಹಾಕಿ ಕುಂತಿದ್ದೆ. ಇವತ್ತ ಮುಂದ ನಿಂತೀನಿ. ನೋಡ್ರಿ, ಅಕಿ ನನ್ನ ಮಾರಿ ನೋಡವಲ್ಲಳು."